ಸಾವ್ಕಾರ್ರನ್ನ ಬೈಯೋರು ಬೇಕಾಗ್ಯಾರ

ಹುಬ್ಬಳ್ಳಿ-ಧಾರವಾಡದಲ್ಲಿ ಕಿರುಚಿತ್ರ ಮಾಡುವ ಹುಡುಗರಿಗೆ ಕ್ಯಾಮೆರಾ ಸಿಕ್ಕಿದೆ, ಕಥೆ ಸಿಕ್ಕಿಲ್ಲ. ನನ್ನ ಹತ್ತಿರ ಒಂದಿದೆ, ಪುಕ್ಕಟೆ ಕೊಡುತ್ತೇನೆ. ನಾಯಕರು ಒಬ್ಬ ಸಾವ್ಕಾರರು. ಕೇಶ್ವಾಪುರದಲ್ಲಿ ಮೂರಂತಸ್ತಿನ ಮನೆ, ಎರಡು ನಾಯಿ, ಮಕ್ಕಳು ಅಮೆರಿಕದಲ್ಲಿ. ಸಂಜೆ ಚಾಕ್ಕೆ ಯಾರೂ ಬರುವುದಿಲ್ಲ. ಬಂದವರು ಚಾ ಮುಗಿಸಿ ರಸೀದಿ ಪುಸ್ತಕ ತೆಗೆಯುತ್ತಾರೆ.

ಮೊದಲ ದೃಶ್ಯ ಹೊಸೂರು ಸರ್ಕಲ್. ಹುಟ್ಟುಹಬ್ಬದ ಫ್ಲೆಕ್ಸ್. ಸಾವ್ಕಾರರ ಮುಖ ಚಿಗರಿ ಬಸ್ಸಿನ ಮುಂಭಾಗದಷ್ಟಿದೆ, ಕೆಳಗೆ ಶುಭ ಕೋರುವ ನಲವತ್ತು ಚಿಕ್ಕ ಮುಖಗಳು. ಎಲ್ಲದರ ಬಿಲ್ಲೂ ಸಾವ್ಕಾರರದೇ. ಊರಿನ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ 1981ರದು. ಪಾಲಿಕೆಯವರು ನೋಟಿಸ್ ಹಿಡಿದು ಮನೆಗೆ ಬಂದರೆ ಸಾವ್ಕಾರರು ಗಿರ್ಮಿಟ್ ತರಿಸಿ ಕೂಡ್ರಿಸಿಕೊಳ್ಳುತ್ತಾರೆ.

ಆಮೇಲೆ ಡಾಕ್ಟರೇಟ್. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಪ್ರಕಟಿಸುತ್ತದೆ. ಉಳಿದವರು ಎಚ್ಚರಿಕೆ ಎಂದು ಓದುವುದನ್ನು ಸಾವ್ಕಾರರು ವಿಳಾಸ ಪುಸ್ತಕ ಎಂದು ಓದುತ್ತಾರೆ.

ಕ್ಯಾಮೆರಾ ತುಸು ಹೊತ್ತು ನಿಲ್ಲಬೇಕಾದದ್ದು ಅಭಿನಂದನ ಗ್ರಂಥದ ಮೇಲೆ. ಮುಖ ನೋಡದವರೆಲ್ಲ ಒಡನಾಟ ಬರೆದಿದ್ದಾರೆ. ಒಬ್ಬರು ಫೋನ್ ಹಚ್ಚಿ "ಸಾಹೇಬ್ರ ಹವ್ಯಾಸ ಏನ್ರೀ?" ಎಂದು ಕೇಳಿದ್ದಾರೆ. ಇನ್ನೊಬ್ಬರು ನಿವೃತ್ತ ಹೆಡ್ ಮಾಸ್ತರರೊಬ್ಬರ ಮೇಲೆ ಹಿಂದೆ ಬರೆದದ್ದನ್ನೇ ಹೆಸರು ಬದಲಿಸಿ ಕಳಿಸಿದ್ದಾರೆ. ತಾವು ಬಡ ಮಕ್ಕಳ ಫೀ ತುಂಬಿ ಗಣಿತ ಕಲಿಸಿದ ಸಂಗತಿ ಓದಿ ಸಾವ್ಕಾರರ ಕಣ್ಣು ಒದ್ದೆ. ಲೇಖಕರಿಗೆ ಬಂದದ್ದು ಶಾಲು, ಫೇಡೆ, ಲಕೋಟೆ. ವ್ಯಾಪಾರದಲ್ಲಿ ಮೋಸ ಹೋಗದ ಮನುಷ್ಯನಿಗೆ ಊರು ಹೀಗೆ ಕೈತುಂಬ ಮೋಸ ಮಾಡಿ, ಹೊರಗೆ ನಿಂತು ಎಲೆಯಡಿಕೆ ಹಾಕುತ್ತ ನಗುತ್ತದೆ.

ದೊಡ್ಡ ಸಿನಿಮಾನೇ ಮಾಡಬಾರದೇಕೆ ಎನ್ನಬಹುದು. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರ ಬದುಕಿನ ಮೇಲೆ 2022ರಲ್ಲಿ 'ವಿಜಯಾನಂದ' ಬಂತು. ಅಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುವಾದ ಓಟವಿತ್ತು. ನಮ್ಮವರು ಬೈಪಾಸಿನ ಸುದ್ದಿ ಮೊದಲೇ ತಿಳಿದು ಹೊಲ ಕೊಂಡು ಸುಮ್ಮನೆ ಕೂತವರು. ಕೂತವರಿಗೆ ಹದಿನೈದು ನಿಮಿಷ ಧಾರಾಳವಾಯಿತು.

ಕೊನೆಗೆ ಧಾರವಾಡದ ಸುಭಾಸ ರಸ್ತೆ, ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಜಿ.ಬಿ. ಜೋಶಿ ಹುಟ್ಟುಹಾಕಿದ ಪ್ರಕಾಶನ ಸಂಸ್ಥೆ. ಕುರ್ತಕೋಟಿ, ಕಾರ್ನಾಡರು ಕೂತು ಹರಟಿದ ಜಾಗ. ಸಾವ್ಕಾರರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಾರೆ. ಇಂಥ ಹರಟೆಯಲ್ಲಿ ಬೈಗಳೇ ಸನ್ಮಾನ. ಧಾರವಾಡ ತನ್ನವನೆಂದುಕೊಂಡವನಿಗೆ ಮಾತ್ರ "ಏ ಖೋಡಿ, ಎಲ್ಲಿ ಹಾಳಾಗಿದ್ಯೋ ಇಷ್ಟ ದಿನ?" ಎನ್ನುತ್ತದೆ. ರೊಕ್ಕ ಬಂದಂದಿನಿಂದ ಸಾವ್ಕಾರರಿಗೆ ಯಾರೂ ಹಾಗೆ ಅಂದಿಲ್ಲ. ಇವರು ಒಳಗೆ ಕಾಲಿಟ್ಟರೆ ಸಾಕು, ಎಲ್ಲರೂ ಮಾತು ನಿಲ್ಲಿಸಿ ಎದ್ದು ಕುರ್ಚಿ ಬಿಡುತ್ತಾರೆ.

ಬಂಡವಾಳದ ಚಿಂತೆ ಬೇಡ. ಹುಡುಗರೇ, ನೇರ ಸಾವ್ಕಾರರ ಮನೆಗೇ ಹೋಗಿ ಕಥೆ ಹೇಳಿ. "ಮಂಗ್ಯಾನ ಮಕ್ಳ, ನನಗ ಬೈಲಿಕ್ಕೆ ನನ್ನ ರೊಕ್ಕಾನ ಕೇಳ್ತೀರಿ?" ಎಂದು ಕುರ್ಚಿ ಎಳೆದು ಹತ್ತಿರ ಕೂಡ್ರಿಸಿಕೊಳ್ಳುತ್ತಾರೆ, ಎರಡನೇ ಸಲ ಚಾ ತರಿಸುತ್ತಾರೆ. ಚೆಕ್ಕಿಗೆ ಸಹಿ ಹಾಕುವಾಗ ಒಂದೇ ಕರಾರು:

"ಬೇಕಾದಷ್ಟ ಬೈರೋ. ಖರೆ ಟೈಟಲ್‌ನ್ಯಾಗ ಹೆಸರಿನ ಮುಂದ 'ಡಾಕ್ಟರ್' ಹಾಕೋದು ಮಾತ್ರ ಮರೀಬ್ಯಾಡ್ರಿ."