ಮುಖ ತಿರುಗಿಸಿದ ಆನೆ

ಪುರಾತನ ನಾಣ್ಯಗಳನ್ನು ಅಂತರಜಾಲದಲ್ಲಿ ಚಿತ್ರಮುಖೇನ ವಿಕ್ರಯಿಸುತ್ತಿರುವ ಮಹಾಶಯರಿಗೆ, ಗ್ರಾಹಕವರ್ಗದಲ್ಲೊಬ್ಬನು ಸವಿನಯವಾಗಿ ಬರೆದುಕೊಳ್ಳುವ ಬಹಿರಂಗ ಪತ್ರ.

ಮಾನ್ಯರೇ,

ತಾವು ಕಳುಹಿಸಿದ ಟಿಪ್ಪೂ ಸುಲ್ತಾನನ ತಾಮ್ರದ ಪೈಸೆಯು ಅಂಚೆಯ ಮೂಲಕ ಕ್ಷೇಮವಾಗಿ ಬಂದು ಸೇರಿದೆ. ಆದರೆ ತಮ್ಮ ಚಿತ್ರದಲ್ಲಿ ಬಲಕ್ಕೆ ಮುಖಮಾಡಿ, ಮೈಯ ಒಂದು ಗೆರೆಯೂ ಮಾಸದೆ ಗಂಭೀರವಾಗಿ ನಿಂತಿದ್ದ ಆನೆಯು, ಶ್ರೀರಂಗಪಟ್ಟಣದ ಕಮ್ಮಟದಿಂದ ಹೊರಟಂದಿನಿಂದ ಎರಡು ಶತಮಾನಗಳಿಗೂ ಮಿಕ್ಕಿ ನಿಂತ ಭಂಗಿಯಲ್ಲಿಯೇ ನಿಂತಿದ್ದುದು, ತಮ್ಮ ಅಂಗಡಿಯಿಂದ ನನ್ನ ಮನೆಯವರೆಗಿನ ಅಲ್ಪ ಪ್ರಯಾಣದಲ್ಲಿ ಎಡಕ್ಕೆ ತಿರುಗಿಕೊಂಡಿರುವುದನ್ನೂ, ಮಾರ್ಗಾಯಾಸದಿಂದಲೋ ಏನೋ ಅದರ ಸೊಂಡಿಲೂ ದಂತವೂ ಸವೆದುಹೋಗಿ, ಇದು ಆನೆಯೇ ಹೌದೆಂಬುದನ್ನು ಪ್ರತ್ಯಕ್ಷದಿಂದಲ್ಲದೆ ಅನುಮಾನಪ್ರಮಾಣದಿಂದ ಸಾಧಿಸಬೇಕಾಗಿ ಬಂದಿರುವುದನ್ನೂ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಆನೆ ಯಾವ ದಿಕ್ಕಿಗೆ ನೋಡಿದರೇನು ಎಂದು ಲೋಕದ ಜನ ಕೇಳಿಯಾರು. ಸಂಗ್ರಾಹಕರಾದ ನಾವು ಹಾಗೆ ಕೇಳುವವರಲ್ಲವೆಂಬುದನ್ನು ತಾವು ಬಲ್ಲಿರಿ. ದಿಕ್ಕು ಬದಲಾದರೆ ಭೇದ ಬದಲಾಗುತ್ತದೆ, ಭೇದ ಬದಲಾದರೆ ಬೆಲೆ ಬದಲಾಗುತ್ತದೆ ಎಂಬ ನಮ್ಮ ದೌರ್ಬಲ್ಯವನ್ನು ಬಲ್ಲುದರಿಂದಲೇ ತಾವು ಮೊಬೈಲಿನ ಮೇಲೆ ಒಂದು ಬೆರಳನ್ನಾಡಿಸಿ ಆ ಚಿತ್ರವನ್ನು ಕನ್ನಡಿಯ ಬಿಂಬದಂತೆ ಮಗುಚಿ, ‘ಅತ್ಯಂತ ವಿರಳ’ ಎಂಬ ವಿಶೇಷಣವನ್ನು ಅದರ ಕೆಳಗೆ ಬರೆದದ್ದು. ಪಾರಸಿ ಅಕ್ಷರಗಳಲ್ಲಿ ಕಮ್ಮಟದ ಹೆಸರಿರುವ ಮತ್ತೊಂದು ಮುಖವನ್ನು ಹಾಗೆಯೇ ಮಗುಚಿದ್ದರೆ ಅಕ್ಷರಗಳು ತಲೆಕೆಳಗಾದವರಂತೆ ಕೂಗಿಕೊಂಡು ತಮ್ಮನ್ನು ಹಿಡಿದುಕೊಡುತ್ತಿದ್ದವಾದ್ದರಿಂದ, ‘ಹಿಂಬದಿಯೂ ಅಷ್ಟೇ ಸುಂದರವಾಗಿದೆ’ ಎಂಬ ಶಬ್ದಪ್ರಮಾಣವೊಂದನ್ನೇ ಅನುಗ್ರಹಿಸಿ ಸುಮ್ಮನಾದಿರಿ. ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದುವರಿಯಲಾರೆ. ಟಿಪ್ಪುವು ತಾನು ಹೊಸದಾಗಿ ಬಳಕೆಗೆ ತಂದ ಮೌಲೂದಿ ಶಕದ ವರ್ಷಾಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನಷ್ಟೆ. ಅಂತಹ ಪೈಸೆಯ ಚಿತ್ರವನ್ನು ಮಗುಚಿದಾಗ ಅಂಕಿಗಳ ಕ್ರಮವು ನಮ್ಮ ರೂಢಿಗೆ ಸರಿಹೊಂದಿ, ಅಂಕಿಗಳ ಮೋರೆ ಮಾತ್ರ ಹಿಂದುಮುಂದಾಗುತ್ತದೆ. ಸುಲ್ತಾನನು ತಿರುವಿದ್ದನ್ನು ಮರಳಿ ತಿರುವುವ ಧೈರ್ಯ, ಅವನನ್ನು ಯುದ್ಧದಲ್ಲಿ ಮಣಿಸಿದ ಕಾರ್ನ್‌ವಾಲಿಸನ ತರುವಾಯ, ತಮ್ಮೊಬ್ಬರಿಗೇ ಬಂದಂತಿದೆ.

ರಾಜಮುದ್ರೆಯು ಬಳಕೆಗೆ ಬಂದದ್ದೇ ಕೊಳ್ಳುವವನು ಸಾರಿಸಾರಿಗೂ ಲೋಹವನ್ನು ಒರೆಗೆ ಹಚ್ಚುವ ಕಷ್ಟ ತಪ್ಪಲೆಂದು. ಅಷ್ಟಾದರೂ ಮನುಷ್ಯಸ್ವಭಾವವನ್ನು ಕುರಿತು ಯಾವ ಭ್ರಮೆಯನ್ನೂ ಇಟ್ಟುಕೊಳ್ಳದ ಕೌಟಿಲ್ಯನು, ನಾಣ್ಯಗಳನ್ನು ಹೊಡೆಯಿಸಲು ಲಕ್ಷಣಾಧ್ಯಕ್ಷನನ್ನು ನೇಮಿಸಿದ್ದು ಸಾಲದೆಂದು, ಹೊಡೆದವುಗಳನ್ನು ಪರೀಕ್ಷಿಸಲು ರೂಪದರ್ಶಕನೆಂಬ ಬೇರೊಬ್ಬ ಅಧಿಕಾರಿಯನ್ನೂ ಅರ್ಥಶಾಸ್ತ್ರದಲ್ಲಿ ವಿಧಿಸಿದನು. ನಮ್ಮ ಪೇಟೆಗಳ ಚಿನಿವಾರನಾದರೋ ಕಣ್ಣನ್ನೊಂದನ್ನೇ ನಂಬದೆ, ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ ಅದರ ನಾದವನ್ನು ಕೇಳಿ, ಅಂಚನ್ನು ಉಗುರಿನಿಂದ ಸವರಿ, ತಕ್ಕಡಿಗೆ ಹಾಕಿ, ಆಮೇಲೆ ಬಾಯಿ ತೆರೆಯುತ್ತಿದ್ದನು. ತಾವು ಆ ನಾದವನ್ನೂ ಅಂಚನ್ನೂ ತೂಕವನ್ನೂ ಒಟ್ಟಿಗೆ ರದ್ದುಗೊಳಿಸಿ ಕಣ್ಣಿಗೊಂದಕ್ಕೇ ಅಧಿಕಾರ ಕೊಟ್ಟಿದ್ದೀರಿ, ಮತ್ತು ಆ ಕಣ್ಣಿಗೆ ಏನು ಕಾಣಬೇಕೆಂಬ ನಿರ್ಣಯವನ್ನು ತಮ್ಮಲ್ಲೇ ಉಳಿಸಿಕೊಂಡಿದ್ದೀರಿ. ಆದಕಾರಣ ನನ್ನ ಮುಂದಿರುವ ವ್ಯಾಜ್ಯವು ಹೊಸ ಬಗೆಯದು: ನಾಣ್ಯ ಸಾಚಾ, ಅದರ ಚಿತ್ರ ಖೋಟಾ. ಖೋಟಾ ನಾಣ್ಯ ಹೊಡೆದವನಿಗೆ ಸೆರೆಮನೆಯಿದೆ. ಖೋಟಾ ಚಿತ್ರ ಹೊಡೆದವನಿಗೆ ನಾಲ್ಕೂವರೆ ನಕ್ಷತ್ರಗಳ ಮನ್ನಣೆಯಿದೆ.

ತಮ್ಮ ಕಲಾಪ್ರೌಢಿಮೆಯನ್ನು ಮೆಚ್ಚದಿರುವಷ್ಟು ಅರಸಿಕನು ನಾನಲ್ಲ. ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣವು ಅರ್ಧ ಗ್ರಾಮಿಗೂ ಕಡಿಮೆ ತೂಗುವ ಚಿನ್ನದ ಹರಳು. ಅದರ ಮೇಲಿನ ನರಸಿಂಹನನ್ನು ಕಾಣಲು ಬರಿಗಣ್ಣು ತಿಣುಕುತ್ತದೆ. ತಮ್ಮ ಚಿತ್ರದಲ್ಲಿ, ಪಕ್ಕದಲ್ಲಿ ಅಳತೆಯ ಪಟ್ಟಿಯಾಗಲಿ ಬೇರೊಂದು ವಸ್ತುವಾಗಲಿ ಇಲ್ಲದಿರುವ ಕಾರಣ, ಅದು ಊಟದ ತಟ್ಟೆಯಷ್ಟು ವಿಸ್ತಾರವಾಗಿ ಶೋಭಿಸುತ್ತದೆ. ಓರೆಯಾಗಿ ಬಿಟ್ಟ ಬೆಳಕು ಸವೆದ ಉಬ್ಬುಗಳಿಗೆ ನೆರಳು ಕೊಟ್ಟು ಇಲ್ಲದ ಎತ್ತರವನ್ನು ಸೃಷ್ಟಿಸುತ್ತದೆ. ನೇರವಾಗಿ ಬಿಟ್ಟ ಬೆಳಕು ಇರುವ ಗೀರುಗಳನ್ನು ನುಂಗುತ್ತದೆ. ಹಳದಿಗೆ ತಿರುಗಿದ ದೀಪವು ಹಿತ್ತಾಳೆಗೆ ಹೊನ್ನಿನ ಕುಲವನ್ನು ದಯಪಾಲಿಸುತ್ತದೆ. ಶತಮಾನದ ಕಪ್ಪು ಹೊದಿಕೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೆಗೆದ ತಾಮ್ರವು, ನಮ್ಮ ದೃಷ್ಟಿಯಲ್ಲಿ ಚರ್ಮ ಸುಲಿದ ದೇಹವಾದರೂ, ತಮ್ಮ ವರ್ಣನೆಯಲ್ಲಿ ‘ಟಂಕಸಾಲೆಯ ಹೊಳಪು’ ಎನಿಸಿಕೊಳ್ಳುತ್ತದೆ. ಎಲ್ಲಕ್ಕಿಂತಲೂ ನಾನು ತಲೆಬಾಗುವುದು ತಮ್ಮ ಹೆಬ್ಬೆರಳಿಗೆ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳೆಷ್ಟೋ ನಮ್ಮ ಮುತ್ತಜ್ಜಿಯರ ಕಂಠಾಭರಣಗಳಾಗಿದ್ದು, ಕೊಂಡಿ ಬೆಸೆದ ಗುರುತನ್ನು ರಾಣಿಯ ಕಿರೀಟದ ನೇರಕ್ಕೆ ಅಂಚಿನಲ್ಲಿ ಉಳಿಸಿಕೊಂಡಿವೆ. ನಾಣ್ಯವನ್ನು ಹಿಡಿದು ತೋರಿಸುವಾಗ ತಮ್ಮ ಹೆಬ್ಬೆರಳು, ಅಭ್ಯಾಸಬಲದಿಂದ, ನಿತ್ಯವೂ ಅದೇ ಸ್ಥಾನದಲ್ಲಿ ವಿಶ್ರಮಿಸುತ್ತದೆ.

(ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ವರ್ಷವೂ ರಾಮ ಲಕ್ಷ್ಮಣ ಸೀತೆಯರ ವಿಗ್ರಹಗಳೂ ಇರುವ ‘ಒಂದಾಣೆ’ಯ ಚಿತ್ರಗಳು ಮಾತ್ರ ಸಂಪೂರ್ಣ ಪ್ರಾಮಾಣಿಕವಾಗಿರುತ್ತವೆಂಬುದನ್ನು ನ್ಯಾಯದೃಷ್ಟಿಯಿಂದ ಒಪ್ಪಬೇಕು. ಕಂಪನಿಯು ಅಂತಹ ಆಣೆಯನ್ನು ಎಂದೂ ಹೊರಡಿಸಿದ್ದಿಲ್ಲ. ವಸ್ತುವೇ ಸುಳ್ಳಾದಾಗ ಚಿತ್ರವು ಸುಳ್ಳಾಡುವ ಅಗತ್ಯ ಬೀಳುವುದಿಲ್ಲ.)

ಆನೆಯ ಚಿತ್ರವನ್ನು ಕುರಿತು ದೂರು ಹೇಳಿದವರಲ್ಲಿ ನಾನು ಮೊದಲನೆಯವನೇನೂ ಅಲ್ಲ. 1911ರಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ಹೊಸ ರೂಪಾಯಿ ಹೊರಬಿದ್ದಾಗ, ಅವನ ಉಡುಪಿನ ಮೇಲೆ ಕೆತ್ತಿದ್ದ ಪುಟ್ಟ ಆನೆಯ ಸೊಂಡಿಲು ಮೊಟಕಾಗಿ, ಅದು ಜನರ ಕಣ್ಣಿಗೆ ಹಂದಿಯಂತೆ ತೋರಿತು. ಮುಸಲ್ಮಾನರಿಗೆ ಅದು ಸಹಿಸಲಾಗದ ವಿಷಯವಾಯಿತು. ಭೂಮಂಡಲದ ಕಾಲುಭಾಗವನ್ನು ಆಳುತ್ತಿದ್ದ ಆ ಸರ್ಕಾರವು, ‘ಬಣ್ಣವೂ ಆಕಾರವೂ ತಮ್ಮ ಪರದೆಯ ಗುಣಕ್ಕನುಸಾರವಾಗಿ ಭಿನ್ನವಾಗಬಹುದು’ ಎಂಬ ಪ್ರಕಟಣೆಯನ್ನು ಹೊರಡಿಸಲಿಲ್ಲ; ‘ತಾವು ಕಟ್ಟು ಬಿಚ್ಚುವಾಗ ತೆಗೆದ ವಿಡಿಯೋ ಎಲ್ಲಿ’ ಎಂದು ಪ್ರಜೆಗಳನ್ನು ಪೀಡಿಸಲಿಲ್ಲ. ವಿತರಣೆಯನ್ನು ನಿಲ್ಲಿಸಿ, ಉಳಿದಿದ್ದ ರಾಶಿಯ ಬಹುಭಾಗವನ್ನು ಕರಗಿಸಿ, ಮರುವರ್ಷ ಆನೆಗೆ ಯೋಗ್ಯವಾದ ಸೊಂಡಿಲನ್ನು ಕೊಟ್ಟು ಹೊಸ ಅಚ್ಚನ್ನು ಕೊರೆಯಿಸಿತು. ಚಕ್ರವರ್ತಿಯು ಹಿಂತೆಗೆದುಕೊಂಡದ್ದನ್ನು ತಾವು ಹಿಂತೆಗೆದುಕೊಳ್ಳಲಾರಿರಿ. ಏಕೆಂದರೆ ತಮ್ಮ ಪುಟದ ತಳದಲ್ಲಿ, ಕಂಠೀರಾಯಿ ಹಣದ ಅಕ್ಷರಗಳಿಗಿಂತಲೂ ಕಿರಿದಾದ ಅಕ್ಷರಗಳಲ್ಲಿ, ‘ಪುರಾತನ ವಸ್ತುಗಳನ್ನು ಯಾವ ಕಾರಣಕ್ಕೂ ಮರಳಿ ಸ್ವೀಕರಿಸುವುದಿಲ್ಲ’ ಎಂದಿದೆ. ಆದರೆ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳಿಲ್ಲದ ವಸ್ತುವನ್ನು ಮಾರಾಟಗಾರನು ಮರಳಿ ಪಡೆಯಲು ನಿರಾಕರಿಸಕೂಡದೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಮಾರುಕಟ್ಟೆಯ ತಾಣದ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಅವುಗಳಲ್ಲಿದೆ. ಮೊದಲನೆಯ ಕರ್ತವ್ಯವನ್ನು ಆ ಅಧಿಕಾರಿಯ ಯಂತ್ರವು ಕ್ಷಣಾರ್ಧದಲ್ಲಿ ನೆರವೇರಿಸಿತು. ಎರಡನೆಯದನ್ನು ಕುರಿತು ಯಂತ್ರವೂ ಮೌನವಾಗಿದೆ.

ಅನ್ನದ ಪರಿಮಳವನ್ನು ಆಘ್ರಾಣಿಸಿದ್ದಕ್ಕೆ ಬೆಲೆ ಕೇಳಿದವನಿಗೆ ನಾಣ್ಯದ ಝಣತ್ಕಾರವನ್ನು ಕೇಳಿಸಿ ಋಣಮುಕ್ತನಾದವನ ಕಥೆಯನ್ನು ತಾವೂ ಬಾಲ್ಯದಲ್ಲಿ ಕೇಳಿರಬಹುದು. ಆ ಮಾರ್ಗವನ್ನು ಹಿಡಿಯುವ ಆಸೆ ನನಗೂ ಇತ್ತಾದರೂ, ತಾವು ಹಣವನ್ನು ಮುಂಗಡವಾಗಿಯೇ ಸ್ವೀಕರಿಸುವ ದೂರದೃಷ್ಟಿಯುಳ್ಳವರಾದ್ದರಿಂದ ಅದು ಕೈಗೂಡಲಿಲ್ಲ. ಆದಕಾರಣ ಇಷ್ಟನ್ನೇ ಪ್ರಾರ್ಥಿಸುತ್ತೇನೆ: ಎರಡು ಮುಖಗಳನ್ನೂ ಅಂಚನ್ನೂ ತೋರಿಸಿರಿ, ನಾಣ್ಯವನ್ನು ತಕ್ಕಡಿಯ ಮೇಲಿಟ್ಟು ಗ್ರಾಮುಗಳ ಅಂಕಿ ಕಾಣುವಂತೆ ಒಂದು ಚಿತ್ರ ತೆಗೆಯಿರಿ, ಹೆಬ್ಬೆರಳಿಗೆ ಕೆಲಕಾಲ ವಿರಾಮ ಕೊಡಿರಿ. ಇವೆಲ್ಲವೂ ತಮ್ಮ ಕಲೆಗೆ ಭಂಗ ತರುವುದಾದರೆ, ತಮ್ಮ ಪುಟದಲ್ಲಿ ಸದಾ ನಿಚ್ಚಳವಾಗಿ ಮೂಡುವ ಏಕಮಾತ್ರ ವಸ್ತುವಾದ ಬೆಲೆಯ ಅಂಕಿಯನ್ನಾದರೂ ನಾಣ್ಯದಷ್ಟೇ ಮಸುಕಾಗಿ ತೋರಿಸುವ ಕೃಪೆಮಾಡಬೇಕು.

ಇತಿ,
ಎಡಕ್ಕೆ ನೋಡುತ್ತಿರುವ ಆನೆಯ ಮಾಲೀಕ