ಇವಿ ರಾಯರು

ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮೂರ್ನಾಲ್ಕು ರಸ್ತೆಗೊಬ್ಬರಂತೆ ಇವಿ ರಾಯರು ಸಿಗುತ್ತಾರೆ. ರಾಯರೇ ಆಗಬೇಕೆಂದಿಲ್ಲ, ಗೌಡರಿರಬಹುದು, ಶೆಟ್ಟರಿರಬಹುದು, ಪಾಟೀಲರಿರಬಹುದು. ಗುರುತು ಹಿಡಿಯುವುದು ಸುಲಭ. ಎಲೆಕ್ಟ್ರಿಕ್ ಕಾರಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ. ಮನೆ ಮುಂದೆ ಮಾತ್ರ ಪೆಟ್ರೋಲ್ ಕಾರು ನಿಂತಿರುತ್ತದೆ. ಹನುಮಂತನಗರದ ನಮ್ಮ ರಸ್ತೆಯ ರಾಯರದು 2008ರ ಗಾಡಿ. ಅದಕ್ಕೆ ಹಾಸಿದ ಕವರನ್ನು ಅವರು ಎರಡು ಸಲ ಬದಲಾಯಿಸಿದ್ದಾರೆ. ಗಾಡಿ ಬದಲಾಯಿಸುವ ಮಾತು ಇನ್ನೂ ನಡೆಯುತ್ತಿದೆ.

ರಾಯರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಸರ್ವೀಸಿಡೀ 'ರಿಜೆಕ್ಟ್' ಮುದ್ರೆ ಒತ್ತಿದ ಕೈ. ಆ ಕೈಗೆ ಬುಕಿಂಗ್ ಫಾರಂ ಕೊಟ್ಟು ಸಹಿ ಹಾಕಿ ಎಂದರೆ ಅದು ಹೇಗೆ ಒಪ್ಪೀತು? 2001ರಲ್ಲಿ ಚೇತನ್ ಮೈನಿ ಅವರ ರೇವಾ ಬೆಂಗಳೂರಿನಲ್ಲಿ ರಸ್ತೆಗಿಳಿದಾಗ ರಾಯರು ಒಳಗೆ ಕೂತು, ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ್ದರಂತೆ. ಎರಡೇ ಬಾಗಿಲು, ಹಿಂದೆ ಮಕ್ಕಳಷ್ಟೇ ಕೂರುವ ಸೀಟು, ಲೆಡ್-ಆಸಿಡ್ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್. "ಮುಂದಿನ ಮಾಡೆಲ್ ಬರಲಿ" ಎಂದು ಎದ್ದು ಬಂದರು. ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋಯಿತು. 2010ರಲ್ಲಿ ಕಂಪನಿ ಮಹೀಂದ್ರಾದ ಕೈಸೇರಿತು. 2013ರಲ್ಲಿ ಮುಂದಿನ ಮಾಡೆಲ್ ಇ2ಒ ಬಂದೂ ಬಂತು. ರಾಯರು ಬಾಗಿಲು ಎಣಿಸಿದರು, ಎರಡೇ. 2016ರಲ್ಲಿ ನಾಲ್ಕು ಬಾಗಿಲಿನದು ಬಂದಾಗ, ತಕರಾರು ಬಾಗಿಲಿನಿಂದ ಬ್ಯಾಟರಿಗೆ ದಾಟಿಯಾಗಿತ್ತು. ಈಗಲೂ ಪಾರ್ಕಿನಲ್ಲಿ ಯಾರಾದರೂ ವಿದೇಶಿ ಇವಿ ಹೊಗಳಿದರೆ, "ನಮ್ಮ ಬೊಮ್ಮಸಂದ್ರದ ಕಾರನ್ನ ಲಂಡನ್ನಿನವರು ಓಡಿಸಿದಾರೆ ರೀ" ಎಂದು ಎದೆ ಸೆಟೆಸುತ್ತಾರೆ. ತಾವೇಕೆ ಓಡಿಸಲಿಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಆಗಿಲ್ಲ.

ರಾಯರು ಬರೀ ಮಾತಿನವರು ಎಂದುಕೊಂಡರೆ ತಪ್ಪು. ಕಾರೊಂದನ್ನು ಬಿಟ್ಟು ಉಳಿದ ಎಲ್ಲ ಏರ್ಪಾಡೂ ಆಗಿದೆ. ಪೋರ್ಟಿಕೋದ ಮೂಲೆಯಲ್ಲಿ ಗುಂಡಿ ತೋಡಿಸಿ, ಇದ್ದಿಲು-ಉಪ್ಪು ಸುರಿಸಿ, ಹೊಸದಾಗಿ ಅರ್ಥಿಂಗ್ ಮಾಡಿಸಿದ್ದಾರೆ. ಹಳೇ ಮನೆಯ ವೈರಿಂಗ್ ಕಾರಿನ ಭಾರ ತಡೆಯುವುದಿಲ್ಲವೆಂದು ಮೀಟರಿನಿಂದ ನೇರವಾಗಿ ದಪ್ಪ ವೈರು ಎಳೆಸಿ, ಬೇರೆ ಎಂಸಿಬಿ ಹಾಕಿಸಿ, 16 ಆಂಪಿಯರ್ ಪಾಯಿಂಟ್ ಕೊಡಿಸಿದ್ದಾರೆ. ಬೆಸ್ಕಾಂಗೆ ಅರ್ಜಿ ಹಾಕಿ ಮನೆಯ ಮಂಜೂರಾದ ಲೋಡನ್ನೂ ಏರಿಸಿಕೊಂಡರು. ಅದರಿಂದಾಗಿ ಪ್ರತಿ ತಿಂಗಳ ಫಿಕ್ಸೆಡ್ ಚಾರ್ಜಿನ ಲೆಕ್ಕವೂ ಏರಿದೆ. ಆ ಪಾಯಿಂಟಿನಲ್ಲಿ ಈಗ ದೋಸೆ ಹಿಟ್ಟಿನ ಗ್ರೈಂಡರ್ ಓಡುತ್ತದೆ. ಇಷ್ಟು ಪಕ್ಕಾ ಅರ್ಥಿಂಗ್ ಇರುವ ಗ್ರೈಂಡರ್ ಇಡೀ ಹನುಮಂತನಗರದಲ್ಲಿ ಇನ್ನೊಂದಿರಲಾರದು.

ಇನ್ನು ಲೆಕ್ಕದ ವಿಷಯ. ರಾಯರ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಅದನ್ನು ನಾನು ನೋಡಿದ್ದೇನೆ, ಮತ್ತು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅದರಲ್ಲಿ ತಪ್ಪಿಲ್ಲ. ಪೆಟ್ರೋಲ್ ಲೀಟರಿಗೆ ನೂರರ ಮೇಲೆ. ಸಿಟಿಯಲ್ಲಿ ಲೀಟರಿಗೆ 14 ಕಿಲೋಮೀಟರ್ ಹಿಡಿದರೆ ಕಿಲೋಮೀಟರಿಗೆ ಏಳು ರೂಪಾಯಿ ಚಿಲ್ಲರೆ. ಮನೆಯ ಕರೆಂಟಿನಲ್ಲಾದರೆ ಯೂನಿಟ್ಟಿಗೆ ಆರೇಳು ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ ರೂಪಾಯಿ ಚಿಲ್ಲರೆ. ಉಳಿಯುವುದು ಸುಮಾರು ಆರು ರೂಪಾಯಿ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಇವಿಗೆ ನಾಲ್ಕು ಲಕ್ಷ ಹೆಚ್ಚು ಕೊಡಬೇಕೆಂದು ಹಿಡಿದರೆ, ಆ ದುಡ್ಡು ಹುಟ್ಟಲು ಅರವತ್ತಾರು ಸಾವಿರ ಕಿಲೋಮೀಟರ್ ಓಡಿಸಬೇಕು. ರಾಯರ ಕಾರು ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡಿದರೆ ಅದೇ ಹೆಚ್ಚು: ಗಾಂಧಿಬಜಾರು, ಬ್ಯಾಂಕು, ಮಲ್ಲೇಶ್ವರದ ತಂಗಿ ಮನೆ, ಯಾರದಾದರೂ ಗೃಹಪ್ರವೇಶ. ಹದಿನೆಂಟೂವರೆ ವರ್ಷ ಬೇಕು. ರಾಯರಿಗೀಗ 68.

"ಎಂಬತ್ತಾರೂವರೆಗೆ ಅಸಲು ಹುಟ್ಟುತ್ತೆ. ಅಲ್ಲಿಂದಾಚೆಗೆ ಓಡಿದ್ದೆಲ್ಲ ಲಾಭ," ಎಂದು ಅವರು ಶೀಟಿನ ಕೊನೆಯ ಸಾಲನ್ನು ಹಸಿರು ಬಣ್ಣದಲ್ಲಿ ತೋರಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ವಿಷಯ ಇತ್ಯರ್ಥವಾಗುತ್ತಿತ್ತು. ಬೇಡ ಎಂದು ಬಿಡಬಹುದಿತ್ತು. ಆದರೆ ಬೇಡ ಎನ್ನುವುದೂ ಒಂದು ತೀರ್ಮಾನವೇ ತಾನೆ? ರಾಯರು ಎರಡನೇ ಶೀಟ್ ತೆರೆದರು. ಅದರ ಹೆಸರು 'ಗೃಹಜ್ಯೋತಿ'. ರಾಯರ ಮನೆಯ ಸರಾಸರಿ ಬಳಕೆ 120 ಯೂನಿಟ್. ಮೇಲೆ ಶೇ 10 ಸೇರಿಸಿ 132ರವರೆಗೆ ಬಿಲ್ಲು ಸೊನ್ನೆ. ಕಾರಿಗೆ ಐವತ್ತು ಯೂನಿಟ್ ಹೋದರೆ ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು ಕಟ್ಟಬೇಕು, ಅದನ್ನು ತಡೆದುಕೊಳ್ಳಬಹುದು. ಆದರೆ 200 ದಾಟಿತೋ, ಪೂರ್ತಿ ಬಿಲ್ಲು! ದಾಟುವುದು ಯಾವಾಗ? ಅಮೆರಿಕದಿಂದ ಮಗಳು-ಅಳಿಯ ಮಕ್ಕಳ ಸಮೇತ ಬಂದ ತಿಂಗಳು. ಮೊಮ್ಮಕ್ಕಳಿಗೆ ಎಸಿ ಬೇಕು, ಮೂರು ಹೊತ್ತೂ ಗೀಸರ್ ಬೇಕು.

"ಹಾಗಾಗಿ ಅವರು ಬಂದಿರೋ ತಿಂಗಳು ಕಾರು ಹೊರಗೆ ತೆಗೀಬಾರ್ದು."

"ಅವರು ಬಂದಾಗಲೇ ಅಲ್ವಾ ರಾಯರೇ ಕಾರು ಬೇಕಾಗೋದು?"

"ಅದೇ ಸಮಸ್ಯೆ," ಎಂದರು ರಾಯರು. ದನಿಯಲ್ಲಿ ಎಂಥದೋ ತೃಪ್ತಿ. ಇವಿಗೆಂದೇ ಬೇರೆ ಮೀಟರು ಹಾಕಿಸಬಹುದಲ್ಲ ಎಂದೆ. ಅದಕ್ಕೆ ಮೂರನೇ ಶೀಟ್ ಇತ್ತು.

ಶೋರೂಮಿನವರಿಗೆ ರಾಯರು ಹಳೇ ಪರಿಚಯ. ಅಲ್ಲಿ ಹೊಸದಾಗಿ ಸೇರಿದ ಹುಡುಗರನ್ನು ಮೊದಲು ಇವರ ಬಳಿಗೇ ಕಳಿಸುತ್ತಾರೆ, ಇವರನ್ನು ನಿಭಾಯಿಸಿದವನು ಯಾರನ್ನಾದರೂ ನಿಭಾಯಿಸುತ್ತಾನೆ ಎಂಬ ನಂಬಿಕೆ ಇರಬೇಕು. ಒಮ್ಮೆ ಜೊತೆಗೆ ನಾನೂ ಹೋಗಿದ್ದೆ. ಹುಡುಗ ಉತ್ಸಾಹದಿಂದ, "465 ಕಿಲೋಮೀಟರ್ ರೇಂಜ್ ಸಾರ್" ಎಂದ. ರಾಯರು ಕನ್ನಡಕ ಏರಿಸಿದರು. "ಅದು ಪ್ರಯೋಗಾಲಯದ ರೋಲರ್ ಮೇಲಿನ ಲೆಕ್ಕ ಕಣಪ್ಪ. ಎಸಿ ಹಾಕಿ ಹೈವೇಲಿ ನೂರರಲ್ಲಿ ಹೋದ್ರೆ ಮುನ್ನೂರು ಅನ್ಕೋ. ಮುನ್ನೂರರಲ್ಲಿ ಶಿರಾಡಿ ಇಳಿದು ಕುಕ್ಕೆ ಮುಟ್ಟಬೇಕು. ಆಗುತ್ತಾ?"

"ಹಾಸನದಲ್ಲಿ ಫಾಸ್ಟ್ ಚಾರ್ಜರ್ ಇದೆ ಸಾರ್. ನಲವತ್ತು, ಐವತ್ತು ನಿಮಿಷ. ನೀವು ತಿಂಡಿ ತಿಂದು ಕಾಫಿ ಕುಡಿಯೋಷ್ಟರಲ್ಲಿ..."

"ನಲವತ್ತು ನಿಮಿಷ ಯಾವ ಕಾಫಿಯಪ್ಪ ಅದು? ನಮ್ಮದು ನಾನ್‌ಸ್ಟಾಪ್ ಪ್ರಯಾಣ."

ಅಲ್ಲಿಯವರೆಗೆ ಎಸಿ ಗಾಳಿಗೆ ಸುಮ್ಮನೆ ಕೂತಿದ್ದ ರಾಯರ ಮನೆಯವರು ಆಗ ಬಾಯಿಬಿಟ್ಟರು. "ನಾನ್‌ಸ್ಟಾಪಾ? ನೆಲಮಂಗಲ ದಾಟಿದ ಕೂಡಲೇ ಒಂದ್ಸಲ, ಯಡಿಯೂರಲ್ಲಿ ಒಂದ್ಸಲ, ಚನ್ನರಾಯಪಟ್ಟಣದಲ್ಲಿ ಒಂದ್ಸಲ ನಿಲ್ಸಿ ಅನ್ನೋರು ನೀವೇ ಅಲ್ವೇನ್ರೀ? ನಿಮ್ಮ ರೇಂಜಿಗಿಂತ ಅದರ ರೇಂಜೇ ವಾಸಿ."

ಹುಡುಗ ಬ್ರೋಷರ್‌ನಿಂದ ಮುಖ ಮುಚ್ಚಿಕೊಂಡ. ರಾಯರು ಕದಲಲಿಲ್ಲ. ಘಾಟಿ ಇಳಿಯುವಾಗ ಬ್ರೇಕಿನಿಂದ ಬ್ಯಾಟರಿ ತುಂಬಿಕೊಳ್ಳುತ್ತದಲ್ಲ, ಸಕಲೇಶಪುರದಿಂದ ಗುಂಡ್ಯದವರೆಗೆ ಎಷ್ಟು ಯೂನಿಟ್ ಬರುತ್ತದೆ, ವಾಪಸ್ ಏರುವಾಗ ಅದಕ್ಕಿಂತ ಎಷ್ಟು ಹೆಚ್ಚು ಹೋಗುತ್ತದೆ ಎಂದು ಕೇಳಿದರು. ಹುಡುಗ ಮ್ಯಾನೇಜರನ್ನು ಕರೆಯಲು ಹೋದ. ಮ್ಯಾನೇಜರ್ ದೂರದಿಂದ ನೋಡಿ ಊಟಕ್ಕೆ ಹೋದ. ರಾಯರು ಕುಕ್ಕೆಗೆ ಹೋಗುವುದು ಎರಡು ವರ್ಷಕ್ಕೊಮ್ಮೆ, ಅದೂ ರಾತ್ರಿ ಬಸ್ಸಿನಲ್ಲಿ.

ಕಾಯುವುದಕ್ಕೆ ರಾಯರಿಗೆ ಕಾರಣಗಳ ಬರ ಎಂದೂ ಬಂದಿಲ್ಲ. 2020ರಲ್ಲಿ ಮಂಡ್ಯ ಜಿಲ್ಲೆಯಲ್ಲಿ 14,100 ಟನ್ ಲಿಥಿಯಂ ಇದೆಯೆಂದು ಸುದ್ದಿಯಾದಾಗ, "ಇನ್ನು ಬ್ಯಾಟರಿ ಕಬ್ಬಿನ ರೇಟಿಗೆ ಸಿಗುತ್ತೆ, ತಾಳಿ" ಎಂದರು. ಮರುವರ್ಷ ಸರ್ಕಾರ ಅದು 1,600 ಟನ್ ಎಂದಿತು. "ನಮ್ಮ ಸೊಸೈಟಿ ಸೈಟೂ ಹೀಗೇ, ಅಳತೆಗೆ ಅಂತ ಹೋದಾಗ ಇಳೀತು" ಎಂದು ನಿಟ್ಟುಸಿರಿಟ್ಟರು. ಇವಿ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಇದ್ದ ಕಾಲದಲ್ಲಿ, ಬ್ಯಾಂಕಿನಲ್ಲಿ ಡೆಪಾಸಿಟ್ ಇಟ್ಟುಕೊಂಡೂ ಸಾಲ ಮಾಡುವುದೇ ಲಾಭ ಎಂದು ಸಾಧಿಸಿದ್ದರು. 2023ರ ಮಾರ್ಚ್ 31ಕ್ಕೆ ಸಾಲ ಮಂಜೂರಾಗಿರಬೇಕಿತ್ತು. ಆ ದಿನ ರಾಯರು ಬಣ್ಣ ಆರಿಸುತ್ತಿದ್ದರು. 2024ರಲ್ಲಿ ರಾಜ್ಯ ಸರ್ಕಾರ 25 ಲಕ್ಷ ಮೀರಿದ ಇವಿಗಳಿಗೆ ಶೇ 10 ಜೀವಿತಾವಧಿ ತೆರಿಗೆ ಹಾಕಿದಾಗ, ಹದಿನೈದು ಲಕ್ಷದ ಆಚೆ ಕಣ್ಣೆತ್ತಿ ನೋಡದ ರಾಯರು ಅದನ್ನು ಖಂಡಿಸಿ ಪತ್ರಿಕೆಗೆ ಬರೆದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಇವಿಯದು ಮೊದಲಿದ್ದ ಶೇ 5ರಲ್ಲೇ ಉಳಿಯಿತು. ಎರಡರ ನಡುವಿನ ಬೆಲೆಯ ಅಂತರ ಹಿಗ್ಗಿ ಅಸಲು ಹುಟ್ಟುವ ವಯಸ್ಸು ತೊಂಬತ್ತರ ಕಡೆಗೆ ಜರುಗಿತು. ಆ ವಾರವೆಲ್ಲ ರಾಯರ ಮುಖದಲ್ಲಿ ಹೊಸ ಕಳೆ. ಶೀಟನ್ನು ಮೊದಲಿನಿಂದ ಕಟ್ಟಬೇಕಲ್ಲ!

ಸದ್ಯಕ್ಕೆ ಹಿಡಿದಿರುವುದು ಸಾಲಿಡ್ ಸ್ಟೇಟ್ ಬ್ಯಾಟರಿ. ಟೊಯೊಟಾದವರು 2027-28ಕ್ಕೆ ಎಂದಿದ್ದಾರೆ. ರಾಯರ ಹಳೇ ಕಾರಿನ ನೋಂದಣಿಯನ್ನು ಹದಿನೈದು ವರ್ಷವಾದ ಮೇಲೆ ಆರ್‌ಟಿಒದಲ್ಲಿ ಐದು ವರ್ಷಕ್ಕೆ ನವೀಕರಿಸಿದ್ದಾರೆ. ಅದು ಮುಗಿಯುವುದೂ 2028ಕ್ಕೇ. "ಎರಡೂ ಹೇಗೆ ಕೂಡಿ ಬಂದಿದೆ ನೋಡಿ" ಎಂದು ಅವರು ಹೇಳುವಾಗ ಜಾತಕ ಹಿಡಿದು ಕೂತ ಜೋಯಿಸರ ಕಳೆ ಬಂದಿರುತ್ತದೆ.

ಪರಿಸರದ ಕಾಳಜಿ ಇಲ್ಲವೆಂದಲ್ಲ, ಅದು ಹೆಚ್ಚಾಗಿಯೇ ತೊಂದರೆ. "ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ, ಒಪ್ಪಿದೆ. ಆದ್ರೆ ನೀವು ಕಾರು ಚಾರ್ಜಿಗೆ ಹಾಕೋದು ರಾತ್ರಿ. ಆಗ ಪಾವಗಡದಲ್ಲೂ ರಾತ್ರಿನೇ. ಉರಿಯೋದು ರಾಯಚೂರಿನ ಕಲ್ಲಿದ್ದಲು." ಹಗಲು ಹಾಕಿದರಾಯಿತಲ್ಲ ಎಂದರೆ, "ಹಗಲು ಚಾರ್ಜಿಗೆ ಹಾಕಿದ್ರೆ ಓಡಿಸೋದು ಯಾವಾಗ?" ಎನ್ನುತ್ತಾರೆ. ನಿವೃತ್ತರಾದ ಮೇಲೆ ಅವರ ಕಾರು ಹಗಲೆಲ್ಲ ಕವರಿನೊಳಗೇ ಇರುತ್ತದೆ ಎಂಬುದನ್ನು ನಾವ್ಯಾರೂ ನೆನಪಿಸುವುದಿಲ್ಲ.

ಹಾಗೆಂದು ಬುಕ್ ಮಾಡಿಯೇ ಇಲ್ಲವೆ? ಮಾಡಿದ್ದಾರೆ, ಬೇರೆ ಬೇರೆ ಕಡೆ. ವಾಪಸ್ ಕೊಡುವ ಷರತ್ತಿನ ಬುಕಿಂಗ್ ಹಣ ಕಟ್ಟುವುದು, ಮನಸ್ಸು ಬದಲಾಯಿಸುವುದು, ಹಣ ಯಾವಾಗ ಖಾತೆಗೆ ಬಂತೆಂದು ಬರೆದಿಡುವುದು. ಯಾವ ಕಂಪನಿ ಎಷ್ಟು ದಿನದಲ್ಲಿ ಮರಳಿಸುತ್ತದೆ ಎಂಬ ಶೀಟೂ ಉಂಟು. ಗ್ರಾಹಕ ಸೇವೆಯನ್ನು ಅಳೆಯಲು ಇದಕ್ಕಿಂತ ಪಕ್ಕಾ ಪರೀಕ್ಷೆ ಇಲ್ಲವಂತೆ. ಪರೀಕ್ಷೆಯಲ್ಲಿ ಮೊದಲನೆಯದಾಗಿ ಪಾಸಾದ ಕಂಪನಿಯ ಕಾರನ್ನೇಕೆ ಕೊಳ್ಳಲಿಲ್ಲ ಎಂದರೆ, ಸೀಟು ಸೊಂಟಕ್ಕೆ ಒತ್ತುತ್ತದೆ.

ಇದನ್ನೆಲ್ಲ ಓದಿ ರಾಯರನ್ನು ನಗೆಪಾಟಲು ಮಾಡಬೇಡಿ. ನಮ್ಮ ರಸ್ತೆಯಲ್ಲಿ ಹಸಿರು ನಂಬರ್ ಪ್ಲೇಟಿನ ಕಾರುಗಳು ಸಾಲಾಗಿ ನಿಂತಿದ್ದರೆ ಅದು ಇವರ ಕೃಪೆ. ಎದುರು ಮನೆಯ ಹುಡುಗ ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವನು. ರಾಯರು ಅವನ ಓಡಾಟ ಕೇಳಿ, ಅಲ್ಲೇ ಬಾಯಿಲೆಕ್ಕ ಹಾಕಿ, "ಐದು ವರ್ಷದಲ್ಲಿ ಹೆಚ್ಚುವರಿ ದುಡ್ಡು ವಾಪಸ್, ಬ್ಯಾಟರಿ ವಾರಂಟಿ ಎಂಟು ವರ್ಷ. ತಗೋ" ಎಂದರು. ಅವನು ತಗೊಂಡ. ಸುಖವಾಗಿದ್ದಾನೆ. ಬ್ಯಾಟರಿ ಎಲ್‌ಎಫ್‌ಪಿಯಾದರೆ ಆಗಾಗ ಪೂರ್ತಿ ತುಂಬಿಸಬೇಕು, ಎನ್‌ಎಂಸಿಯಾದರೆ ದಿನಬಳಕೆಗೆ ಎಂಬತ್ತಕ್ಕೆ ನಿಲ್ಲಿಸಬೇಕು ಎಂಬುದನ್ನು ರಸ್ತೆಗೆಲ್ಲ ಕಲಿಸಿದವರೂ ಇವರೇ. ಪಾರ್ಕಿನಲ್ಲಿ ಅದನ್ನು ಅರ್ಧ ಕೇಳಿಸಿಕೊಂಡ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು, "ಎಂಬತ್ತಕ್ಕೆ ನಿಲ್ಸೋದು ಊಟಕ್ಕೆ ಮುಂಚೇನೋ ಆಮೇಲೋ?" ಎಂದು ಕೇಳಿದ್ದೂ ಉಂಟು.

ಈ ನಡುವೆ ಒಂದು ಮಧ್ಯಾಹ್ನ ರಾಯರ ಮನೆಯವರು ತರಕಾರಿ ತರಲು ಹೋದವರು ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಿ ಬಂದರು. ರಾಯರು ಬೆಚ್ಚಿಬಿದ್ದರು. "ಬ್ಯಾಟರಿ ಎಷ್ಟು ಕಿಲೋವ್ಯಾಟ್ ಅವರ್?"

"ಕೇಳ್ಲಿಲ್ಲ."

"ಕೆಮಿಸ್ಟ್ರಿ?"

"ನೀಲಿ ಬಣ್ಣ."

ಆ ಸ್ಕೂಟರ್ ಈಗ ಪೋರ್ಟಿಕೋದ ಪಾಯಿಂಟಿನಲ್ಲಿ ಗ್ರೈಂಡರಿನ ಜೊತೆ ಸರದಿ ಹಂಚಿಕೊಂಡಿದೆ. ಹೊಸ ಮಾಡೆಲ್ ಬಂದ ದಿನ ರಾಯರು ಹೆಲ್ಮೆಟ್ ಹಾಕಿಕೊಂಡು, ಎಕ್ಸೆಲ್ ಶೀಟಿನ ಪ್ರಿಂಟನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಹಿಂದೆ ಕೂತು ಟೆಸ್ಟ್ ಡ್ರೈವಿಗೆ ಹೋಗುತ್ತಾರೆ.

ಮೊನ್ನೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಶಿವಮೊಗ್ಗದಿಂದ ಯಾರದೋ ಫೋನು. ಗುರುತಿನವರೊಬ್ಬರು ನಂಬರ್ ಕೊಟ್ಟರಂತೆ, ಯಾವ ಇವಿ ತಗೊಳ್ಳಲಿ ಎಂದು ತಿಂಗಳಿಂದ ತಲೆಕೆಟ್ಟಿದೆಯಂತೆ. ರಾಯರು ಸ್ಪೀಕರ್ ಹಾಕಿ, ಓಡಾಟ ಎಷ್ಟು, ಮನೆ ಸ್ವಂತದ್ದಾ, ಮಂಜೂರಾದ ಲೋಡ್ ಎಷ್ಟು ಎಂದು ವಿಚಾರಿಸಿ, ಎರಡೇ ನಿಮಿಷದಲ್ಲಿ ಗಾಡಿ, ವೇರಿಯಂಟ್ ಎರಡನ್ನೂ ಹೇಳಿದರು. "ನಾಳೆನೇ ಬುಕ್ ಮಾಡಿ. ಇದರಲ್ಲಿ ತುಂಬಾ ಯೋಚನೆ ಮಾಡ್ತಾ ಕೂರಬಾರ್ದು."

"ಬಹಳ ಉಪಕಾರ ಆಯ್ತು ಸಾರ್. ಅಂದಹಾಗೆ ನಿಮ್ಮದು ಯಾವ ಗಾಡಿ?"

"ನಮ್ಮದು ಇನ್ನೂ ಬಂದಿಲ್ಲ," ಎಂದರು ರಾಯರು.

"ಓ, ವೇಟಿಂಗ್ ಪೀರಿಯಡ್ಡಾ? ಎಷ್ಟು ಹೇಳಿದಾರೆ ಸಾರ್?"

ರಾಯರು ಸ್ಪೀಕರ್ ಆರಿಸಿ ಫೋನನ್ನು ಕಿವಿಗಿಟ್ಟುಕೊಂಡು, ಅಡುಗೆಮನೆಯ ಕಡೆ ಒಮ್ಮೆ ನೋಡಿ, "ಬ್ಯಾಟರಿ ಮೇಲೆ ಡಿಪೆಂಡು" ಎಂದರು.