ನೈಟ್ ಹಾಲ್ಟ್ ಅಳಿಯ

ಮೊನ್ನೆ ಭಾನುವಾರದಿಂದ ನಮ್ಮ ಮನೆಯಲ್ಲಿ ತಾಯಿ-ಮಗನಿಗೆ ಮಾತಿಲ್ಲ. ಎಂಬತ್ತು ದಾಟಿದ ನಮ್ಮತ್ತೆ ತಲೆಬುರುಡೆಯ ಚಿತ್ರವಿರುವ ಕರಿ ಟೀ ಶರ್ಟನ್ನು ಸೀರೆಯ ಮೇಲೆ ಏರಿಸಿಕೊಂಡು ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೊರಟುನಿಂತರು. "ಅಮ್ಮಾ, ಅದು ರಾಕ್ ಬ್ಯಾಂಡಿಂದು" ಅಂತ ಇವರು ಬಾಗಿಲಿಗೆ ಅಡ್ಡ ನಿಂತರು. "ಥಂಡಿ ಕಣೋ. ಕಾಳಮ್ಮನ ಕೊರಳಲ್ಲಿ ಇಂಥವು ಒಂದು ಸರಾನೇ ಐತೆ, ನಂದು ಒಂದೇ ಒಂದು" ಎಂದು ಅತ್ತೆ ಮಗನನ್ನು ಪಕ್ಕಕ್ಕೆ ಸರಿಸಿ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ದೇವಸ್ಥಾನದಲ್ಲಿ ನೋಡಿದರೆ ಬರ್ಮಿಂಗ್‌ಹ್ಯಾಮಿನ ಅರ್ಧ ಕನ್ನಡಿಗರು ಅವತ್ತೇ ಬಂದಿದ್ದಾರೆ. ಅಂದಿನಿಂದ ಇವರು ತಾಯಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತಾರೆ. ಅವರು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ.

ಟೀ ಶರ್ಟು ಕೊಟ್ಟವನು ನಮ್ಮ ಮಗಳು ಮೆಚ್ಚಿದ ಹುಡುಗ. ಗಿಟಾರಿನವನು. ವ್ಯಾನು ಕಟ್ಟಿಕೊಂಡು ಊರೂರು ಅಲೆಯುವ ಬ್ಯಾಂಡು. ಇಂಗ್ಲಿಷರ ಹುಡುಗನಾಗಿದ್ದರೆ ಇವರು "ಅವರ ಪದ್ಧತಿ, ಪಾಪ" ಎಂದು ಸುಮ್ಮನಾಗುತ್ತಿದ್ದರೇನೋ. ಆದರೆ ಅವನು ದಾವಣಗೆರೆ ಕಡೆಯವರ ಮಗ, ಅಪ್ಪ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಡಾಕ್ಟರು! ಕನ್ನಡದವರ ಯುಗಾದಿ ಊಟದಲ್ಲಿ ಮಗನ ಬಗ್ಗೆ ಯಾರಾದರೂ ವಿಚಾರಿಸಿದರೆ ಆ ಅಪ್ಪ "ಲಾಜಿಸ್ಟಿಕ್ಸ್‌ನಲ್ಲಿದ್ದಾನೆ" ಎಂದು ಹೋಳಿಗೆಗೆ ಕೈ ಹಾಕುತ್ತಾರೆ. ಸುಳ್ಳೇನಲ್ಲ. ಆಂಪ್ಲಿಫೈಯರನ್ನು ಸಂಜೆ ವ್ಯಾನಿನಿಂದ ಇಳಿಸಬೇಕು, ನಡುರಾತ್ರಿ ಏರಿಸಬೇಕು.

ನಮ್ಮ ಮಗಳೋ, ಆಕ್ಚುಯರಿ. ಯಾರು ಎಷ್ಟು ವರ್ಷ ಬದುಕಬಹುದು, ಅದರಿಂದ ವಿಮೆಯವರಿಗೆ ಎಷ್ಟು ಲುಕ್ಸಾನು ಎಂದು ಲೆಕ್ಕ ಹಾಕುವುದೇ ಕೆಲಸ. ಅಜ್ಜಿ ಕೆಮ್ಮಿದರೂ ಅವಳ ಕಣ್ಣಲ್ಲಿ ಒಂದು ಕೋಷ್ಟಕ ಹಾದುಹೋಗುತ್ತದೆ. ಹೈಸ್ಕೂಲಿನಿಂದಲೂ "ನನಗೆ ಸ್ಟೆಬಿಲಿಟಿ ಬೇಕು" ಎಂದೇ ಮಂತ್ರ. ಅಂಥವಳು ಹೋಗಿ ಹೋಗಿ ಇವನನ್ನು ಹಿಡಿದಿದ್ದಾಳೆ. ಮನೆ ಸಾಲಕ್ಕೆ ಬ್ಯಾಂಕಿನವರು ಸಂಬಳದ ಚೀಟಿ ಕೇಳಿದರೆ ಅವನ ಹತ್ತಿರ ಇರುವುದು ಪಾರ್ಕಿಂಗ್ ದಂಡದ ಚೀಟಿಗಳು.

ನನಗೆ ಉರಿಯುವುದು ಇವರ ವರಸೆ ಕಂಡು. ಚಿತ್ರದುರ್ಗದಲ್ಲಿ ಓದಿದವರು. 1972ರ 'ನಾಗರಹಾವು' ಇವರಿಗೆ ಸಿನಿಮಾ ಅಲ್ಲ, ಮನೆತನದ ಚರಿತ್ರೆ. ರಾಮಾಚಾರಿಯಿಂದ ಅಲಮೇಲುವನ್ನು ಬಿಡಿಸಿದರೆಂದು ಚಾಮಯ್ಯ ಮೇಷ್ಟ್ರ ಮೇಲೆ ಇವರಿಗೆ ಇವತ್ತಿಗೂ ಸಿಟ್ಟು. ವಿಷ್ಣುವರ್ಧನ್ ಬಂಡೆಗಳ ಮಧ್ಯೆ ನಿಂತರೆ ಸಾಕು, ಇವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಅದೇ ಒಬ್ಬ ರಾಮಾಚಾರಿ ಬಂದು ಮನೆಯ ಕಾಲಿಂಗ್ ಬೆಲ್ ಒತ್ತಿದರೆ "ಪೆನ್ಷನ್ ಸ್ಕೀಮ್ ಇದೆಯಾ?" ಎಂದು ಕೇಳಿದರು. ಕೇಳಿದ್ದಷ್ಟೇ ಅಲ್ಲ, ಹುಡುಗ ಹೋದ ಮೇಲೆ ಭಾಷಣ: "ನಮ್ಮೂರ ಸಂಗೀತಗಾರ ಅಂದ್ರೆ ತರಾಸು 'ಹಂಸಗೀತೆ'ಯ ವೆಂಕಟಸುಬ್ಬಯ್ಯ. ಅವನು ನಾಲಿಗೇನೇ ಕತ್ತರಿಸಿಕೊಂಡ. ಇವನು ಕೂದಲೂ ಕತ್ತರಿಸಿಕೊಂಡಿಲ್ಲ."

ಆಮೇಲೆ ರಘು ದೀಕ್ಷಿತ್. ಹೊರನಾಡಿನ ಅಪ್ಪಂದಿರಿಗೆಲ್ಲ ಈಗ ಅದೊಂದು ಆಸರೆ. "ನೋಡು, ಮೈಕ್ರೊಬಯಾಲಜಿ ಎಂಎಸ್ಸಿಯಲ್ಲಿ ಚಿನ್ನದ ಪದಕ ತಗೊಂಡು ಆಮೇಲೆ ಗಿಟಾರ್ ಹಿಡಿದವರು. ಷರೀಫರ ಪದ ಹಾಡ್ಕೊಂಡು, ಲುಂಗಿ ಉಟ್ಟು ಗೆಜ್ಜೆ ಕಟ್ಟಿ, 2011ರಲ್ಲಿ ಗ್ಲಾಸ್ಟನ್‌ಬರಿವರೆಗೂ ಬಂದ್ರು. ಮೊದಲು ಪದಕ!" ಮಗಳು ಚಹಾ ಕಲಕುತ್ತಾ, "ಪದಕ ಇದ್ದೂ ಕೆಲಸ ಬಿಟ್ಟರಲ್ಲಪ್ಪಾ. ಪದಕದಿಂದ ರಿಸ್ಕ್ ಏನೂ ಕಡಿಮೆ ಆಗಿಲ್ಲ" ಎಂದಳು.

ಇನ್ನು ಆ ಟೀ ಶರ್ಟಿನ ಪುರಾಣ. ಹುಡುಗ ಮೊದಲ ಸಲ ಊಟಕ್ಕೆ ಬಂದಾಗ ಅದನ್ನೇ ಹಾಕಿಕೊಂಡಿದ್ದ. ಬಾಗಿಲ ಬಳಿ ಬಗ್ಗಿ ಶೂ ಬಿಚ್ಚುತ್ತಿದ್ದಾಗ ಅತ್ತೆಗೆ ಬೆನ್ನು ಕಂಡಿತು. ಬೆನ್ನ ತುಂಬ ಊರು, ತಾರೀಖು. "ಏ, ಹಂಗೇ ನಿಂತ್ಕೊಳಪ್ಪ, ಅಲ್ಲಾಡಬೇಡ" ಎಂದು ಕನ್ನಡಕ ಏರಿಸಿದರು. ಅವನು ಗೋಡೆಗೆ ಮುಖ ಮಾಡಿ ನಿಂತ. ಅತ್ತೆ ಹೆಗಲಿನಿಂದ ಶುರು ಮಾಡಿ ಸೊಂಟದವರೆಗೆ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿದರು. ಗ್ಲಾಸ್ಗೋ. ಲೀಡ್ಸ್. ಶೆಫೀಲ್ಡ್. ಕಾರ್ಡಿಫ್. ಅವನಿಗೆ ಕಚಗುಳಿ, ತುಟಿ ಕಚ್ಚಿಕೊಂಡು ನಿಂತಿದ್ದಾನೆ. ಒಲೆ ಮೇಲೆ ನನ್ನ ಮುದ್ದೆ ಗಟ್ಟಿಯಾಗುತ್ತಿದೆ.

"ಲೀಡ್ಸ್ ಪಕ್ಕದಲ್ಲಿ ಇದೇನಪ್ಪಾ ಬರೆದೈತೆ?"

"ಸೋಲ್ಡ್ ಔಟ್ ಅಜ್ಜಿ. ಟಿಕೆಟ್ ಎಲ್ಲಾ ಖಾಲಿ."

"ಸೀಟು ಫುಲ್ಲು ಅನ್ನು. ನಿಂತ್ಕೊಂಡೂ ಬರ್ತಾರಾ?"

"ಎಲ್ಲರೂ ನಿಂತೇ ಇರ್ತಾರೆ ಅಜ್ಜಿ."

"ಅಯ್ಯೋ ಶಿವನೇ, ಅಷ್ಟು ರಶ್ಶಾ! ರಾತ್ರಿ ಎಲ್ಲಿ ಮಲಗ್ತೀಯ?"

"ವ್ಯಾನಲ್ಲೇ."

"ಊಟ?"

"ಆ ಊರಿನವರು ಕೊಡ್ತಾರೆ. ಕೈಖರ್ಚಿಗೂ ದಿನಕ್ಕಿಷ್ಟು ಅಂತ ಇರುತ್ತೆ."

ಅತ್ತೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು: "ನೈಟ್ ಹಾಲ್ಟ್ ಸರ್ವೀಸು ಕಣೇ. ಭತ್ಯೇನೂ ಐತೆ. ಇನ್ನೇನು ಬೇಕು ನಿಮಗೆ?"

ಹೊಸದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಬಾಳಿದವರಿಗೆ ನೈಟ್ ಹಾಲ್ಟ್ ಬಸ್ಸಿಗಿಂತ ಖಾತ್ರಿಯಾದ ವಸ್ತು ಬೇರೆ ಇಲ್ಲ. ಕೊನೆ ಬಸ್ಸು ರಾತ್ರಿ ಬಂದು ಊರಲ್ಲೇ ನಿಲ್ಲುತ್ತದೆ, ಡ್ರೈವರು ಕಂಡಕ್ಟರು ಅದರಲ್ಲೇ ಮಲಗುತ್ತಾರೆ, ಯಾರದೋ ಮನೆಯಿಂದ ಸಾರು ಹೋಗುತ್ತದೆ, ಬೆಳಗ್ಗೆ ಹಾಲಿನ ಕ್ಯಾನು ಏರಿಸಿಕೊಂಡು ಅದೇ ಬಸ್ಸು ಹೊಳಲ್ಕೆರೆ ಮೇಲೆ ದುರ್ಗಕ್ಕೆ. ಹೋಗುತ್ತದೆ, ನಿಜ. ರಾತ್ರಿ ಬಂದೂ ಬರುತ್ತದೆ.

ನಮ್ಮ ಮಾವ ಬರುತ್ತಿರಲಿಲ್ಲ. ಅವರು ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದರೆ ಪೆಟ್ಟಿಗೆ ಹೊತ್ತು ಹಳ್ಳಿಹಳ್ಳಿಗೆ ಹೋಗಿ ರೈತರಿಗೆ 'ಕುರುಕ್ಷೇತ್ರ' ಕಲಿಸುವ ಕೆಲಸ. ಅಲ್ಲಿ ಹೆಚ್ಚು ದುಡ್ಡು ಹಾಕಿದವನೇ ದುರ್ಯೋಧನ. ಅವನಿಗೆ ಶ್ರುತಿ ಕೂಡದಿದ್ದರೆ ಮೇಷ್ಟ್ರು ಆ ಊರಲ್ಲಿ ಇನ್ನೊಂದು ತಿಂಗಳು. ಹೊಳಲ್ಕೆರೆಯ ಅಡಿಕೆ ತೋಟದವರ ಮಗಳು ನಮ್ಮತ್ತೆ. ಅಪ್ಪನ ಮನೆಯಲ್ಲಿ ಎದ್ದು ಹೋಗದ ಮರಗಳನ್ನು ನೋಡಿಕೊಂಡು ಬೆಳೆದವರು, ಗಂಡನ ಮನೆಯಲ್ಲಿ ದಿನಾ ರಾತ್ರಿ ಒಂದು ಮುದ್ದೆ ಜಾಸ್ತಿ ಕಟ್ಟಿಟ್ಟು ಕಾದರು. ಬೆಳಗ್ಗೆ ಅದು ಎಮ್ಮೆಗೆ. ಅವತ್ತು ಊಟ ಬಡಿಸುವಾಗ ನನ್ನ ಕಿವಿಗೆ ಮಾತ್ರ ಬೀಳುವಂತೆ, "ನಿಮ್ಮ ಮಾವನ ಬೆನ್ನ ಮೇಲೆ ಯಾರೂ ಹಿಂಗೆ ಬರೆದು ಕಳಿಸಲಿಲ್ಲ ನೋಡು. ಬರೆದಿದ್ರೆ ಮುದ್ದೆ ಲೆಕ್ಕ ತಪ್ತಿರಲಿಲ್ಲ" ಎಂದರು. ನಾನು ಬಗ್ಗಿ ತುಪ್ಪದ ಬಟ್ಟಲು ಹುಡುಕಿದೆ. ಅಷ್ಟರಲ್ಲಿ ಅವರು ಹುಡುಗನಿಗೆ, "ಇಂಥದ್ದು ನಂಗೂ ಒಂದು ತಂದ್ಕೊಡು, ದೊಡ್ಡ ಸೈಜು" ಎಂದು ಆರ್ಡರ್ ಕೊಟ್ಟೂ ಆಗಿತ್ತು. ಹಾಡಿನಿಂದ ಬರುವುದು ಚಿಲ್ಲರೆ, ವ್ಯಾನಿನ ಡೀಸೆಲ್ಲು ಹುಟ್ಟುವುದೇ ಈ ಟೀ ಶರ್ಟಿನಿಂದ ಎಂದು ಮಗಳು ಕಣ್ಣಲ್ಲೇ ಹೇಳಿದಳು. ಅವನು ಪುಕ್ಕಟೆ ಕೊಟ್ಟ. ಆ ಊರು-ತಾರೀಖುಗಳೆಲ್ಲ ಇವಳ ಫೋನಿನ ಕ್ಯಾಲೆಂಡರಿನಲ್ಲಿ ಎಂದಿನಿಂದಲೋ ಕೂತಿವೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಸ್ಟೆಬಿಲಿಟಿಯಂತೆ!

ಅಜ್ಜಿಗೂ ಅವನಿಗೂ ಈಗ ಭಾರೀ ದೋಸ್ತಿ. ಬ್ರೆಕ್ಸಿಟ್ ಆದ ಮೇಲೆ ಅವನು ಯುರೋಪಿನಲ್ಲಿ 180 ದಿನಕ್ಕೆ 90 ದಿನ ಮೀರಿ ಇರುವ ಹಾಗಿಲ್ಲ. ಅತ್ತೆ ವಿಸಿಟರ್ ವೀಸಾದಲ್ಲಿ ಇಲ್ಲಿ ಆರು ತಿಂಗಳು ಮೀರುವ ಹಾಗಿಲ್ಲ. ಆಮೇಲೆ ಹೊಸದುರ್ಗ, ಅಲ್ಲಿಂದ ಮೈಸೂರಿನ ಮಗಳ ಮನೆ, ಮತ್ತೆ ಇಲ್ಲಿಗೆ. ಈ ಮನೆಯಲ್ಲಿ ಸದಾ ಟೂರಿನ ಮೇಲಿರುವ ಹಿರಿಯ ಕಲಾವಿದರು ಅವರೇ. ಇಬ್ಬರೂ ಸೋಫಾದಲ್ಲಿ ಕೂತು ಇಮಿಗ್ರೇಷನ್ನಿನವರನ್ನು ಬೈಯುತ್ತಾರೆ.

"ಒಂದು ಕಾಯಂ ಕೆಲಸ ಸಿಗಲಿ, ಆಮೇಲೆ ಮದುವೆ ಮಾತು" ಎಂಬುದು ಇವರ ಕೊನೆ ಷರತ್ತು. ನಾನು ಹಿರಿಯೂರಿನವಳು. ಮಾರಿಕಣಿವೆ ಕೋಡಿ ಬೀಳಲಿ ಅನ್ನುವ ಮಾತನ್ನು ಕೇಳಿ ಬೆಳೆದವಳು. 1933ರಲ್ಲಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟು ಕಾಯುತ್ತೀರಾ ಎಂದೆ. ಅತ್ತೆ ನನ್ನ ಬೆಂಬಲಕ್ಕೆ ಸಾಣೇಹಳ್ಳಿ ಸ್ವಾಮಿಗಳನ್ನೇ ಕರೆತಂದರು: "ಶಿವಸಂಚಾರ ಅಂತ 1997ರಿಂದ ನಾಟಕದ ಹುಡುಗರನ್ನ ನಾಡೆಲ್ಲ ತಿರುಗಿಸ್ತಿಲ್ವಾ? ಯಾವನು ಕೆಟ್ಟ?" ಸೋತ ಇವರು, ಜನ್ಮದಲ್ಲಿ ಪಂಚಾಂಗ ಮುಟ್ಟದವರು, ಈಗ ಪಂಚಾಂಗ ಹಿಡಿದಿದ್ದಾರೆ. ಬೇಸಿಗೆಯೆಲ್ಲ ಹುಡುಗನಿಗೆ ಫೆಸ್ಟಿವಲ್ ಸೀಸನ್ನು. ಬಿಡುವು ಸಿಗುವುದು ಜನವರಿಯಲ್ಲಿ. ಜನವರಿ ಎಂದರೆ ಪುಷ್ಯ. ಪುಷ್ಯಮಾಸದ ದೋಷಗಳ ಕುರಿತು ಇವರು ಮಾಡುವ ಪ್ರವಚನ ಕೇಳಿದರೆ ಯಾವ ಪುರೋಹಿತರೂ ನಾಚಬೇಕು.

ನಿನ್ನೆ ಹೊಳಲ್ಕೆರೆಯಿಂದ ಅತ್ತೆಯ ತಮ್ಮನ ಫೋನು. ಸುದ್ದಿ ಅಲ್ಲಿಗೂ ಮುಟ್ಟಿದೆ. "ಹುಡುಗ ಏನ್ ಮಾಡ್ಕೊಂಡಿದಾನಕ್ಕಾ?"

"ರೂಟ್ ಮೇಲಿರ್ತಾನೆ ಕಣೋ. ನೈಟ್ ಹಾಲ್ಟು. ಯಾವಾಗಲೂ ಸೀಟು ಫುಲ್ಲು."

"ಒಳ್ಳೇದಾಯ್ತು ಬಿಡು. ಯಾವ ಡಿಪೋ?"

ಅತ್ತೆ ಫೋನಿಗೆ ಅಂಗೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. "ವುಲ್ವರ್‌ಹ್ಯಾಂಪ್ಟನ್ ಅನ್ನಿ ಅತ್ತೆ" ಅಂದೆ.